ಬತ್ತೀನಿ ಅಂದವರಿಗೆಲ್ಲ ಟೀ

ನನ್ನ ಷಡ್ಡಕ ಬೋರಲಿಂಗಯ್ಯ ಮಾಡಿದ ಟೀ ಯಂತ್ರ ಮೊದಲ ದಿನ ಎಲ್ಲರ ಎದುರು ಚೆನ್ನಾಗಿಯೇ ಕೆಲಸ ಮಾಡಿತು. ತೊಂದರೆಗೆಲ್ಲ ಅದೇ ಮೂಲ. ಅದಕ್ಕೆ ಮೊದಲು ಅವನು ಮಾಡಿದ ಯಂತ್ರಗಳೆಲ್ಲ ಮೊದಲ ದಿನವೇ ಹೊಗೆ ಬಿಟ್ಟು ಸುಮ್ಮನಾಗುತ್ತಿದ್ದವು. ಅವುಗಳಿಂದ ಊರಿಗೆ ಯಾವ ಉಪದ್ರವವೂ ಇರಲಿಲ್ಲ.

ನಮ್ಮದು ನಾಗಮಂಗಲದ ರಸ್ತೆಯಲ್ಲಿರುವ ಜಾಲಿಕಟ್ಟೆ ಗೇಟು. ಊರು ಒಳಗಿದೆ. ಗೇಟಿನಲ್ಲಿ ಇರುವುದು ಬಸ್ಸು ನಿಲ್ಲುವ ಹುಣಸೆಮರ, ಹೈಸ್ಕೂಲು, ಹಾಲಿನ ಡೈರಿ, ಮತ್ತೆ ಒಂದೇ ಗೋಡೆ ಹಂಚಿಕೊಂಡು ಅಕ್ಕಪಕ್ಕ ಕೂತ ನಮ್ಮ ಎರಡು ಮನೆ. ನಾವಿಬ್ಬರೂ ಅಕ್ಕತಂಗಿಯರನ್ನು ಮದುವೆಯಾದವರು. ಅಕ್ಕ ಕೆಂಪಮ್ಮ ಬೋರಣ್ಣನ ಹೆಂಡತಿ, ತಂಗಿ ಯಶೋದೆ ನನ್ನ ಹೆಂಡತಿ. ಕೆಂಪಮ್ಮ ಅತ್ತಿಗೆ ಮನೆಯ ಮುಂದೆ ಶೀಟು ಇಳಿಸಿಕೊಂಡು ಟೀ ಹೋಟೆಲು ನಡೆಸುತ್ತಾಳೆ. ಪಕ್ಕದ ಕೋಣೆಯಲ್ಲಿ ಬೋರಣ್ಣ ಸುಟ್ಟುಹೋದ ಪಂಪಿನ ಮೋಟರುಗಳಿಗೆ ತಂತಿ ಸುತ್ತುತ್ತಾನೆ. ಸುತ್ತಮುತ್ತಲ ತೋಟಗಳಲ್ಲಿ ನೀರೆತ್ತುವ ಮೋಟರುಗಳಲ್ಲಿ ಅರ್ಧ ಅವನ ಕೈಯಲ್ಲಿ ಪುನರ್ಜನ್ಮ ಪಡೆದವು. ಕೆಲಸದಲ್ಲಿ ಕೊಂಕು ತೆಗೆಯುವ ಹಾಗಿಲ್ಲ. ಆದರೆ ಅವನ ಮನಸ್ಸು ಕೆಲಸದಲ್ಲಿ ಇರುವುದಿಲ್ಲ, ಅಷ್ಟೆ.

ಅವತ್ತು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೋಟೆಲಿನ ಮೂಲೆಯಲ್ಲಿ ನಿಲ್ಲಿಸಿದ್ದ ಯಂತ್ರದ ಮೇಲಿನಿಂದ ಲುಂಗಿ ಸರಿಸಿದ. ಒಂದು ಹಾಲಿನ ಕ್ಯಾನು, ಅದರ ಕೆಳಗೆ ಕರೆಂಟಿನ ಒಲೆ, ಔಷಧಿ ಹೊಡೆಯುವ ಸ್ಪ್ರೇಯರಿನಿಂದ ಬಿಚ್ಚಿದ ಪೈಪು, ಲೋಟಗಳನ್ನು ಸಾಲಾಗಿ ಹೊತ್ತು ತಿರುಗುವ ಸೈಕಲ್ ರಿಮ್ಮು, ಮೇಲೆ ಚುನಾವಣೆಯ ಆಟೋದಿಂದ ಇಳಿಸಿಕೊಂಡಿದ್ದ ಒಂದು ಮೈಕಿನ ಕಹಳೆ. ತನ್ನ ಮೊಬೈಲು ಫೋನನ್ನು ಯಂತ್ರದ ಹೊಟ್ಟೆಗೆ ಸೈಕಲ್ ಟ್ಯೂಬಿನಿಂದ ಬಿಗಿದಿದ್ದ. ಅದು ಯಂತ್ರದ ಕಿವಿಯಂತೆ. ಬಸ್ಸಿನಲ್ಲಿ ಕೂತವರು ಆಡುವ ಮಾತೂ ಅದಕ್ಕೆ ಕೇಳಿಸುತ್ತದೆ, ಗೇಟಿನವರ ದನಿ ಕೇಳಿದರೆ ಹೆಸರೂ ಗೊತ್ತಾಗುತ್ತದೆ ಅಂದ.

ನೋಡಲು ಸೇರಿದ್ದವರು ನಾನು, ಯಶೋದೆ, ರಿಪೇರಿಗೆ ಕೊಟ್ಟ ಮೋಟರು ಆಯಿತೇ ಎಂದು ತಿಂಗಳಿಂದ ಅಲೆಯುತ್ತಿದ್ದ ದಾಸೇಗೌಡ, ಮತ್ತೆ ಹೈಸ್ಕೂಲಿನ ಕಂಪ್ಯೂಟರ್ ಟೀಚರು ರಫಿಯಾ ಮೇಡಂ. ಮೇಡಂ ಸಂಜೆ ಬಸ್ಸು ಬರುವವರೆಗೂ ಅತ್ತಿಗೆಯ ಹೋಟೆಲಿನಲ್ಲೇ ಕೂರುವವರು. ಅತ್ತಿಗೆ ಮಾತ್ರ ಒಲೆಯ ಮುಂದಿನಿಂದ ಏಳಲಿಲ್ಲ. ಅವಳ ಒಲೆ ನೆಲದ ಮೇಲಿದೆ. ಕುಕ್ಕರುಗಾಲಲ್ಲಿ ಕೂತರೆ ಏಳುವುದು ಕಷ್ಟ, ಎದ್ದರೆ ಕೂರುವುದು ಕಷ್ಟ.

ಬೋರಣ್ಣ ದಾಸೇಗೌಡನನ್ನು ರಸ್ತೆಯ ಆಚೆಗೆ ಕಳಿಸಿ, ಅಲ್ಲಿಂದ ಒಂದು ಮಾತು ಕೂಗುವಂತೆ ಹೇಳಿದ. ದಾಸೇಗೌಡ ಹುಣಸೆಮರದ ಕೆಳಗೆ ನಿಂತು "ಬತ್ತೀನಿ" ಎಂದು ಕೂಗಿದ. ಯಂತ್ರದಲ್ಲಿ ಹಸಿರು ದೀಪ ಹತ್ತಿತು. ಕ್ಯಾನು ಗುಳುಗುಳು ಅಂದಿತು, ರಿಮ್ಮು ತಿರುಗಿ ಒಂದು ಲೋಟವನ್ನು ಪೈಪಿನ ಬಾಯಿಗೆ ಹಿಡಿಯಿತು, ದಾಸೇಗೌಡ ರಸ್ತೆ ದಾಟಿ ಬರುವ ಹೊತ್ತಿಗೆ ಹೊಗೆಯಾಡುವ ಟೀ ನಿಂತಿತ್ತು. ಕಹಳೆಯಿಂದ ಹೆಂಗಸಿನ ದನಿಯೊಂದು, ಪಠ್ಯಪುಸ್ತಕ ಓದುವ ಹಾಗೆ, "ಬರುತ್ತೇನೆ ಎಂದಿರಲ್ಲ, ಬನ್ನಿ ದಾಸೇಗೌಡರೇ. ಚಹಾ ಸಿದ್ಧವಾಗಿದೆ" ಅಂದಿತು.

ಜೀವಮಾನದಲ್ಲಿ ಮೊದಲ ಸಲ ಯಾರೋ ತನ್ನನ್ನು ದಾಸೇಗೌಡರೇ ಅಂದದ್ದಕ್ಕೆ ದಾಸೇಗೌಡ ಮೋಟರಿನ ವಿಷಯ ಮರೆತು ಟೀ ಕುಡಿದ.

"ಪಟ್ಟಣದ ಯಾವ ಯಂತ್ರಕ್ಕಾದ್ರೂ ಬತ್ತೀನಿ ಅಂದ್ರೆ ಏನು ಅಂತ ಗೊತ್ತದಾ ಮರಿಸ್ವಾಮಿ? ಬರುತ್ತೇನೆ ಅನ್ಬೇಕು ಅವುಕ್ಕೆ. ಇದುಕ್ಕೆ ನಮ್ಮ ಗೇಟಿನ ಮಾತು ಕಲಿಸಿವ್ನಿ" ಎಂದು ಬೋರಣ್ಣ ನನ್ನ ಬೆನ್ನು ತಟ್ಟಿದ. ಸಾಕು ಎಂದು ಹೇಳಿದರೆ ಯಂತ್ರ ಇನ್ನೂ ಒಂದು ಗುಟುಕು ಹೆಚ್ಚು ಬಿಡುತ್ತಿತ್ತು. ಅದನ್ನೂ ಅವನೇ ಕಲಿಸಿದ್ದ. ಸಾಕು ಅಂದ ತಕ್ಷಣ ನಿಲ್ಲಿಸಿದರೆ ಅದೆಂಥ ಉಪಚಾರ ಎಂದು ಅವನ ಪ್ರಶ್ನೆ.

ಇಷ್ಟು ದೂರ ಅವನು ಬಂದ ದಾರಿಯನ್ನು ಸ್ವಲ್ಪ ಹೇಳಬೇಕು.

ಹಿಂದಿನ ಬೇಸಿಗೆಯಲ್ಲಿ ಪೇಟೆಯ ಒಂದು ಅಂಗಡಿ ಮುಚ್ಚಿದಾಗ ಬೋರಣ್ಣ ಅಲ್ಲಿಯ ಹಳೇ ಕಂಪ್ಯೂಟರನ್ನು ಹೊತ್ತು ತಂದ. ತಂತಿ ಸುತ್ತಿ ಮಾಡುವ ಯಂತ್ರಗಳ ಕಾಲ ಮುಗಿಯಿತು, ಇನ್ನು ಮಾತಿನಲ್ಲಿ ಮಾಡುವ ಯಂತ್ರಗಳದ್ದೇ ಕಾಲ ಎಂದು ಅವನಿಗೆ ಯಾರೋ ಫೋನಿನ ವಿಡಿಯೋದಲ್ಲಿ ಹೇಳಿದ್ದರು. ಕಂಪ್ಯೂಟರಿಗೆ ಹೇಳಿದ ಹಾಗೆ ಕೇಳಿಸಲು ಒಂದು ಭಾಷೆ ಕಲಿಯಬೇಕಂತೆ. ಯಾವ ಭಾಷೆ ಎಂಬಲ್ಲಿ ಅವನು ಸಿಕ್ಕಿಕೊಂಡ.

ಮೊದಲು ಪೈಥಾನ್ ಎಂಬುದನ್ನು ಹಿಡಿದ. ಹೆಬ್ಬಾವಿನ ಹೆಸರು ಎಂದು ತಿಳಿದ ಮೇಲೆ ಯಶೋದೆ ಆ ಕೋಣೆಗೆ ಕಾಲಿಡುವುದನ್ನು ಬಿಟ್ಟಳು. ಅದರಲ್ಲಿ ಕಂಪ್ಯೂಟರಿನಿಂದ ನಮಸ್ಕಾರ ಹೇಳಿಸಿದ. ಅಷ್ಟರಲ್ಲಿ ಇನ್ನೊಂದು ವಿಡಿಯೋದವನು ಅದು ನಿಧಾನ, ಮೋಟರಿನಂಥ ಯಂತ್ರಕ್ಕೆ ಸಿ ಎಂಬುದೇ ಸರಿ ಅಂದ. ಒಂದೇ ಅಕ್ಷರದ ಭಾಷೆ. ಪೂರ್ತಿ ಹೆಸರಿಡಲೂ ಪುರುಸೊತ್ತಿಲ್ಲದವರು ಮಾಡಿದ್ದು, ಚುರುಕಾಗಿರುತ್ತದೆ ಎಂದು ಬೋರಣ್ಣ ಅದಕ್ಕೆ ಹಾರಿ, ಅದರಲ್ಲೂ ನಮಸ್ಕಾರ ಹೇಳಿಸಿದ. ಮತ್ತೊಬ್ಬ ಅದು ಹಳೇ ಕಾಲದ್ದು, ಈಗ ರಸ್ಟ್ ಕಲಿಯಬೇಕು ಅಂದ. ರಸ್ಟ್ ಅಂದರೆ ತುಕ್ಕು. ತುಕ್ಕು ಬಿಡಿಸಿಯೇ ಅನ್ನ ತಿನ್ನುವ ಮನುಷ್ಯ ಆ ಭಾಷೆಯ ಹತ್ತಿರ ಹೋಗಲು ಒಂದು ವಾರ ಹಿಂಜರಿದು, ಕೊನೆಗೆ ಅದರಲ್ಲೂ ನಮಸ್ಕಾರ ಹೇಳಿಸಿದ. ಹೀಗೆ ಮಗಳ ಜಾತಕ ಹಿಡಿದು ಅಲೆಯುವವರಿಗಿಂತ ಹೆಚ್ಚು ಮಂದಿಯನ್ನು ಕೇಳಿ, ಸಿಕ್ಕಿದ ಭಾಷೆಯಲ್ಲೆಲ್ಲ ನಮಸ್ಕಾರ ಹೇಳಲು ಕಲಿತ. ನಮಸ್ಕಾರದ ಮುಂದಿನ ಮಾತು ಒಂದರಲ್ಲೂ ಅವನಿಗೆ ಬರುತ್ತಿರಲಿಲ್ಲ.

ಭಾಷೆಯದ್ದು ಹಾಗಾದರೆ ಬರೆಯುವ ಪರದೆಯದ್ದು ಇನ್ನೊಂದು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಬೇಕೋ ಬಿಳಿಯ ಮೇಲೆ ನೀಲಿಯೋ ಎಂದು ಎರಡು ಹಬ್ಬಗಳ ನಡುವಿನ ಕಾಲವನ್ನು ಕಳೆದ. ತಪ್ಪು ತೋರಿಸುವ ಸಾಧನ, ಬರೆದದ್ದನ್ನು ಅಂದಗೊಳಿಸುವ ಸಾಧನ, ಹಳೆಯದನ್ನು ಜೋಪಾನ ಮಾಡುವ ಸಾಧನ ಎಂದು ಒಂದೊಂದೇ ತುಂಬಿ ತುಂಬಿ, ಕಂಪ್ಯೂಟರು ರಾಗಿ ಮಿಲ್ಲಿನಂತೆ ಸದ್ದು ಮಾಡತೊಡಗಿತು. ಅವನು ಬರೆದದ್ದೇನೂ ಇರಲಿಲ್ಲವಾದ್ದರಿಂದ ಆ ಸಾಧನಗಳೆಲ್ಲ ಕೈಕಟ್ಟಿ ಕೂತಿದ್ದವು.

ರಫಿಯಾ ಮೇಡಂ ಒಂದು ಸಂಜೆ ಟೀ ಕುಡಿಯುತ್ತ ಹೇಳಿದರು. "ಬೋರಣ್ಣ, ಯಾವ್ದಾದ್ರೂ ಒಂದು ಹಿಡೀರಿ. ಒಂದು ಚಿಕ್ಕ ಕೆಲಸ ಇಟ್ಕೊಳ್ಳಿ, ಅದನ್ನ ಮುಗಿಸಿ. ಮುಗಿಸಿದ ಮೇಲೆ ಎರಡನೇ ಭಾಷೆ ತಾನಾಗೇ ಬರುತ್ತೆ."

ಇದು ತೀರಾ ಸಪ್ಪೆ ಎಂದು ಅವನಿಗೆ ಅನ್ನಿಸಿತು. ಪಟ್ಟುಹಿಡಿದು ಹುಡುಕಿ, ಹೊಸದಾಗಿ ಬಂದಿದ್ದ ಒಂದು ಸಾಧನವನ್ನು ಇಳಿಸಿಕೊಂಡ. ಅದಕ್ಕೆ ಬಾಯಲ್ಲಿ ಹೇಳಿದರೆ ಸಾಕು. ಯಾವ ಭಾಷೆ ಬೇಕೋ ತಾನೇ ಆರಿಸಿಕೊಂಡು, ತಾನೇ ಬರೆದುಕೊಂಡು, ತಾನೇ ನಡೆಸುತ್ತದೆ. ಬೋರಣ್ಣ ಅದರ ಮುಂದೆ ಕೂತು ಗೇಟಿನ ಮಾತಿನಲ್ಲಿ ಒಂದೊಂದೇ ಕಟ್ಟಳೆ ಹೇಳಿದ. ಯಾರು ಬತ್ತೀನಿ ಅಂತಾರೋ ಅವರಿಗೆ ಟೀ ಮಾಡು. ಬರುವವರೆಗೂ ಕರೀತಾ ಇರು. ಹೋಯ್ತೀನಿ ಅಂದವರ ಲೆಕ್ಕ ಬಿಡು. ಯಾರು ಬತ್ತಾರೆ, ಯಾರು ಹೋದರು ಅಂತ ಒಳಗಿರೋರಿಗೆ ಕೇಳೋ ಹಂಗೆ ಕೂಗಿ ಹೇಳು. ಕರೆಂಟು ಹೋದರೂ ನಿಲ್ಲಿಸಬೇಡ. ಕೊನೆಯದಕ್ಕಾಗಿ ಟ್ರ್ಯಾಕ್ಟರಿನ ಬ್ಯಾಟರಿಯನ್ನೂ ಸೇರಿಸಿದ.

ಅದು ಕಡೆಗೆ ಯಾವ ಭಾಷೆಯಲ್ಲಿ ಬರೆದುಕೊಂಡಿತು ಎಂದು ಕೇಳಿದೆ. ಅದು ಅದರಿಷ್ಟ ಅಂದ.

ಯಂತ್ರದ ಪ್ರದರ್ಶನ ಮುಗಿದು ಎಲ್ಲರೂ ಹೊಗಳಿದ ಮೇಲೆ ಬೋರಣ್ಣ ಒಲೆಯ ಹತ್ತಿರ ಹೋಗಿ, ಇನ್ನು ನೀನು ಟೀಗೋಸ್ಕರ ಎದ್ದು ಕೂತು ಮಾಡಬೇಕಿಲ್ಲ, ಇದೆಲ್ಲ ನಿನಗೋಸ್ಕರವೇ ಎಂದು ಹೇಳಿದ. ಸುಳ್ಳಲ್ಲ, ಅವನ ಮನಸ್ಸಿನಲ್ಲಿ ಅದೇ ಇತ್ತು. ಅತ್ತಿಗೆ ಗೋಡೆ ಹಿಡಿದು ಎದ್ದು, ಅವನ ಕೋಣೆಯ ಕಡೆಗೆ ಕೈ ತೋರಿಸಿದಳು. ಅಲ್ಲಿ ಕಂಪ್ಯೂಟರು ಇಟ್ಟಿಗೆಗಳ ಮೇಲೆ ಕೂತಿತ್ತು. ಒಲೆಗೆ ಸೊಂಟದೆತ್ತರದ ಕಟ್ಟೆ ಕಟ್ಟಿಕೊಡುತ್ತೇನೆ, ನಿಂತುಕೊಂಡೇ ಅಡಿಗೆ ಮಾಡುವಿಯಂತೆ ಎಂದು ಅವನು ಮಾತು ಕೊಟ್ಟು ತರಿಸಿದ ಇಟ್ಟಿಗೆ ಅವು. ನೆಲದ ತೇವಕ್ಕೆ ಕಂಪ್ಯೂಟರು ಕೆಡುತ್ತದೆ ಎಂದು ಅದರ ಕಾಲಡಿಗೆ ಹೋಗಿದ್ದವು.

"ಕಟ್ಟೆ ಕೇಳಿದ್ದೆ ಕಣಿ ನಾನು. ಯಂತ್ರ ಕೇಳಿರ್ನಿಲ್ಲ."

"ಕಟ್ಟೆ ಯಾರ್ ಬೇಕಾದ್ರೂ ಕಟ್ತಾರೆ ಕೆಂಪಿ. ಇದು ಎಷ್ಟು ಭಾಷೆ ನೋಡಿ ಮಾಡಿದ್ದು ಗೊತ್ತಾ?"

"ನೋಡ್ದೆ ನೋಡ್ದೆ. ಊರಿನ ಭಾಷೆಯೆಲ್ಲ ನೋಡುದ್ರಿ. ನಂಗೆ ಕೊಟ್ಟಿದ್ದ ಭಾಷೆ ಒಂದಿತ್ತು, ಅದ ನೋಡ್ನಿಲ್ಲ."

ಬೋರಣ್ಣನಿಗೆ ಅದು ಯಾವ ಭಾಷೆ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಮೇಲೆ ಕಹಳೆಯ ಮೇಲಿನ ಧೂಳನ್ನು ಅಂಗಿಯ ತುದಿಯಿಂದ ಒರೆಸುತ್ತ ನಿಂತ.

ಮಾರನೆಯ ದಿನ ಬೆಳಿಗ್ಗೆ ಬೋರಣ್ಣ ಯಂತ್ರವನ್ನು ನಡೆಸಿಟ್ಟು, ಇನ್ನೂ ದೊಡ್ಡ ಕ್ಯಾನು ತರಲು ನಾಗಮಂಗಲದ ಬಸ್ಸು ಹತ್ತಿದ. ಹತ್ತುವಾಗ ಒಲೆಯ ಕಡೆ ನೋಡಿದ. ಅತ್ತಿಗೆ ನೋಡಲಿಲ್ಲ. ಯಂತ್ರದ ಕಿವಿಗೆ ಅವನ ಫೋನು ಕಟ್ಟಿದ್ದರಿಂದ, ಅವನು ಬಸ್ಸು ಹತ್ತಿದನೆಂದರೆ ಲೋಕದ ಸಂಪರ್ಕ ಕಳೆದುಕೊಂಡ ಹಾಗೆಯೇ.

ದಾಸೇಗೌಡ ಎಂದಿನಂತೆ ಮೋಟರು ಕೇಳಲು ಬಂದು, ಬೋರಣ್ಣ ಇಲ್ಲ ಎಂದು ತಿಳಿದು, ಟೀ ಕುಡಿದು ಎದ್ದ. ಎದ್ದವನು ನಾವೆಲ್ಲ ಯಾವ ಮನೆಯಿಂದ ಹೊರಟರೂ ಅನ್ನುವ ಹಾಗೆ, "ಬತ್ತೀನಿ ಕೆಂಪಮ್ಮ" ಅಂದ.

ಹಸಿರು ದೀಪ ಹತ್ತಿತು. ಕ್ಯಾನು ಗುಳುಗುಳು ಅಂದಿತು. ದಾಸೇಗೌಡ ಡೈರಿಯ ತಿರುವು ದಾಟಿರಲಿಲ್ಲ. "ಬರುತ್ತೇನೆ ಎಂದಿರಲ್ಲ, ಬನ್ನಿ ದಾಸೇಗೌಡರೇ. ಚಹಾ ಸಿದ್ಧವಾಗಿದೆ" ಎಂದು ಕಹಳೆ ಇಡೀ ಗೇಟಿಗೆ ಕೇಳುವಂತೆ ಕರೆಯಿತು. ಅಷ್ಟು ಮರ್ಯಾದೆಯಿಂದ ಕರೆದ ಮೇಲೆ ಹೋಗದಿದ್ದರೆ ಹೇಗೆ? ಅವನು ವಾಪಸು ಬಂದು ಕುಡಿದ. ಸಾಕು ಅಂದ. ಯಂತ್ರ ಇನ್ನೊಂದು ಗುಟುಕು ಬಿಟ್ಟಿತು. ಅದನ್ನೂ ಕುಡಿದು, ಬಾಯಿ ಒರೆಸಿಕೊಂಡು, ಸರಿ ಬತ್ತೀನಿ ಅಂದ.

ಹಸಿರು ದೀಪ ಹತ್ತಿತು.

ನಾನು ಡೈರಿಗೆ ಹಾಲು ಹಾಕಿ ಬರುವ ಹೊತ್ತಿಗೆ ದಾಸೇಗೌಡನ ಜೊತೆಗೆ ಇನ್ನೂ ಕೆಲವರು ಬೆಂಚಿನ ಮೇಲೆ ಸಿಕ್ಕಿಕೊಂಡಿದ್ದರು. ಒಬ್ಬೊಬ್ಬರೂ ಎದ್ದು ಬತ್ತೀನಿ ಅನ್ನುವುದು, ಹುಣಸೆಮರದವರೆಗೆ ಹೋಗುವುದು, ಕಹಳೆ ಹೆಸರು ಹಿಡಿದು ಕರೆಯುವುದು, ತಲೆ ತಗ್ಗಿಸಿ ವಾಪಸು ಬಂದು ಕುಡಿಯುವುದು. ಮಧ್ಯಾಹ್ನದ ಹೊತ್ತಿಗೆ, ಅರ್ಧ ದಿನ ರಜೆ ಹಾಕಿ ಊರಿಗೆ ಹೊರಟ ರಫಿಯಾ ಮೇಡಂ ಕೂಡ ಒಂದು ಬಸ್ಸು ತಪ್ಪಿಸಿಕೊಂಡು ಕೂತಿದ್ದರು. ಕಂಪ್ಯೂಟರ್ ಭಾಷೆಯಲ್ಲಿ ಇದಕ್ಕೆ ಒಂದು ಹೆಸರಿದೆಯಂತೆ. ಬಿಡುಗಡೆಯ ಬಾಗಿಲು ಇಡದೆ ಬರೆದರೆ ಯಂತ್ರ ಒಂದೇ ಕಡೆ ಸುತ್ತುತ್ತ ಇರುತ್ತದೆ ಎಂದು ಅವರು ಎಷ್ಟನೆಯದೋ ಲೋಟ ಹಿಡಿದು ವಿವರಿಸಿದರು.

ಬಿಡುಗಡೆಯ ಬಾಗಿಲು ಇತ್ತು. ಹೋಯ್ತೀನಿ ಅಂದರೆ ಆಯಿತು, ಯಂತ್ರ ಬಿಟ್ಟುಬಿಡುತ್ತಿತ್ತು. ಬೋರಣ್ಣ ಅದನ್ನು ಸರಿಯಾಗಿಯೇ ಹೇಳಿಕೊಟ್ಟಿದ್ದ. ಆದರೆ ಅನ್ನ ನೀರು ಕೊಟ್ಟ ಮನೆಯ ಹೊಸ್ತಿಲಲ್ಲಿ ನಿಂತು ಹೋಯ್ತೀನಿ ಅನ್ನುವ ಬಾಯಿ ಯಾರಿಗಿದೆ? ಹಾಗೆ ಅನ್ನುವುದು ಇನ್ನು ಈ ಮನೆಗೆ ಕಾಲಿಡುವುದಿಲ್ಲ ಎಂದು ಜಗಳವಾಡಿ ಹೊರಡುವವರು. ಮೇಡಂಗೆ ಹೇಳಿ ನೋಡಿದೆ. "ನೀವೇ ಹೇಳಿ ಮರಿಸ್ವಾಮಿ" ಎಂದು ಅವರು ಇನ್ನೊಂದು ಗುಟುಕು ಕುಡಿದರು. ನಾನೂ ಹೇಳಲಿಲ್ಲ.

ಯಂತ್ರವನ್ನು ನಿಲ್ಲಿಸಲು ಹೋದೆ. ಗುಂಡಿ ಬೋರಣ್ಣನ ಕೋಣೆಯಲ್ಲಿತ್ತು, ಕೋಣೆಗೆ ಬೀಗ ಬಿದ್ದಿತ್ತು. ತಂತಿ ಕಿತ್ತರೆ ಬ್ಯಾಟರಿ ಹಿಡಿದುಕೊಂಡಿತು. ಬ್ಯಾಟರಿಯ ಹತ್ತಿರ ಕೈ ಹಾಕಿದಾಗ ಕಿಡಿ ಹಾರಿ, ನಾನು ಬೆಂಚಿನ ಮೇಲೆ ಕೂತೆ. ಇರಿ, ಕೋಲು ತಂದು ಬತ್ತೀನಿ ಎಂದು ಬಾಯಿ ತಪ್ಪಿ ಅಂದದ್ದಕ್ಕೆ ನನಗೂ ಟೀ ಬಂತು.

ಅತ್ತಿಗೆ ಒಲೆಯ ಮುಂದಿನಿಂದ ಇದನ್ನೆಲ್ಲ ನೋಡುತ್ತಿದ್ದಳು. ಕ್ಯಾನಿನಲ್ಲಿ ಹಾಲು ಮುಗಿದಾಗ ಕಹಳೆ, "ಹಾಲು ಬೇಕು, ದಯವಿಟ್ಟು ಹಾಲು ಹಾಕಿ" ಎಂದು ಬಿಡದೆ ಕೂಗುತ್ತಿತ್ತು. ಪ್ರತಿ ಸಲವೂ ಅವಳು ಗೋಡೆ ಹಿಡಿದು ಎದ್ದು ಹಾಕಿದಳು. ಎದ್ದು ಕೂತು ಮಾಡುವುದು ತಪ್ಪಲಿ ಎಂದು ಮಾಡಿದ ಯಂತ್ರಕ್ಕಾಗಿ ಅವಳು ಅವತ್ತು ಎದ್ದಷ್ಟು ಹಿಂದೆ ಯಾವತ್ತೂ ಎದ್ದಿರಲಿಲ್ಲ. ಮೊಸರಿಗೆ ಎತ್ತಿಟ್ಟಿದ್ದ ಹಾಲೂ ಮುಗಿಯಿತು. ಆಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಯಂತ್ರದ ಮುಂದೆ ಬಂದು ನಿಂತಳು.

"ನೀನೇ ನಡೆಸ್ಕೊ ತಾಯಿ ಈ ಮನೆಯ. ನಾನು ಹೋಯ್ತೀನಿ."

ಬೆಂಚಿನವರೆಲ್ಲ ಲೋಟ ಕೆಳಗಿಟ್ಟರು. ಹಸಿರು ದೀಪ ಆರಿ ಕೆಂಪು ದೀಪ ಹತ್ತಿತು. ಅತ್ತಿಗೆ ಮೆಟ್ಟಿಲಿಳಿದು, ನಮ್ಮ ಮನೆಯ ಬಾಗಿಲಿಗೆ ನಡೆದು ಒಳಗೆ ಹೋದಳು. ಅವಳು ಹೋದ ದೂರ ಅಷ್ಟೇ. ಆದರೆ ಅಂದ ಮಾತು ದೊಡ್ಡದು. ಯಶೋದೆ ಅಳುತ್ತ ಒಂದು ಮೊರದ ತುಂಬ ಅವರೆಕಾಯಿ ತಂದು ಇಬ್ಬರ ನಡುವೆ ಇಟ್ಟಳು. ಅವರ ಮನೆತನದಲ್ಲಿ ದುಃಖವಾದರೆ ಮೊದಲು ಕೈಗೆ ಕೆಲಸ ಕೊಡುತ್ತಾರೆ. ಇನ್ನು ಆ ಹೊಸ್ತಿಲು ತುಳಿಯುವುದಿಲ್ಲ ಎಂದು ಅತ್ತಿಗೆ ತಂಗಿಗೆ ಹೇಳುವುದು ನನಗೆ ಬಾಗಿಲಿನಾಚೆಗೆ ಕೇಳಿಸಿತು. ಸಿಟ್ಟಿನಲ್ಲಿ ಹೇಳಿದ್ದರೆ ನಾನು ಹೆದರುತ್ತಿರಲಿಲ್ಲ. ಕಾಯಿ ಸುಲಿಯುತ್ತ ಮೆಲ್ಲಗೆ ಹೇಳಿದಳು.

ಅಷ್ಟರಲ್ಲಿ ಯಂತ್ರ ತನ್ನ ಕರ್ತವ್ಯ ನೆನಪಿಸಿಕೊಂಡಿತು. ಯಾರು ಬರುತ್ತಾರೆ, ಯಾರು ಹೋದರು ಎಂದು ಕೂಗಿ ಹೇಳಬೇಕಲ್ಲವೇ?

"ಕೆಂಪಮ್ಮನವರು ಹೋದರು" ಎಂದು ಕಹಳೆ ಗಂಭೀರವಾಗಿ ಸಾರಿತು. "ಇನ್ನು ಅವರು ಬರುವುದಿಲ್ಲ."

ಸ್ವಲ್ಪ ಬಿಟ್ಟು ಮತ್ತೆ ಸಾರಿತು. ಡೈರಿಯ ಮುಂದೆ ನಿಂತಿದ್ದವರು ತಲೆಯ ಟವೆಲು ತೆಗೆದರು.

ಬೆಂಚಿನವರಿಗೆ ಸತ್ಯ ಗೊತ್ತಿತ್ತು. ಅತ್ತಿಗೆ ಕಣ್ಣೆದುರೇ ನಡೆದು ಪಕ್ಕದ ಮನೆಗೆ ಹೋದದ್ದನ್ನು ಎಲ್ಲರೂ ನೋಡಿದ್ದರು. ಆದರೆ ದಾಸೇಗೌಡನ ಮುಖದಲ್ಲಿ ನಿಧಾನವಾಗಿ ಒಂದು ಬೆಳಕು ಮೂಡಿತು. ಸಾವಿನ ಮನೆಯಿಂದ ಹೊರಡುವಾಗ ಬತ್ತೀನಿ ಅನ್ನುವ ಹಾಗಿಲ್ಲ. ಯಾರಿಗೂ ಏನೂ ಹೇಳದೆ ಎದ್ದು ಹೋಗಬೇಕು. ಅದೇ ಪದ್ಧತಿ. ಅವನು ಎದ್ದ, ತಲೆ ತಗ್ಗಿಸಿದ, ಮಾತಿಲ್ಲದೆ ಮೆಟ್ಟಿಲಿಳಿದ. ಯಂತ್ರ ಸುಮ್ಮನಿತ್ತು. ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ, ಮುಖ ಇಳಿಬಿಟ್ಟು, ಹೊಟ್ಟೆ ಹಿಡಿದುಕೊಂಡು ಹೊರಟರು. ರಫಿಯಾ ಮೇಡಂ ಕೂಡ ನನ್ನ ಕಡೆಗೆ ಕ್ಷಮೆ ಕೇಳುವಂತೆ ನೋಡಿ, ಸದ್ದಿಲ್ಲದೆ ನಾಗಮಂಗಲದ ಬಸ್ಸಿಗೆ ಹತ್ತಿ ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿಕೊಂಡರು.

ಬಸ್ಸಿನವರ ಕಣ್ಣಿಗೆ ಬಿದ್ದದ್ದು ಇಷ್ಟು. ಕೆಂಪಮ್ಮನ ಹೋಟೆಲಿನಿಂದ ಜನ ತಲೆ ತಗ್ಗಿಸಿ ಮಾತಿಲ್ಲದೆ ಹೊರಡುತ್ತಿದ್ದಾರೆ, ಒಳಗಿನಿಂದ ಮೈಕು ಕೆಂಪಮ್ಮನವರು ಹೋದರು ಅನ್ನುತ್ತಿದೆ. ಕಂಡಕ್ಟರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಆ ಬಸ್ಸು ಯಾವ ಯಾವ ಗೇಟಿನಲ್ಲಿ ನಿಂತಿತೋ ಅಲ್ಲೆಲ್ಲ ಅತ್ತಿಗೆ ತೀರಿಕೊಂಡಳು.

ಮೊದಲು ಬಂದವಳು ಊರೊಳಗಿನ ಮುದುಕಿ ಸಣ್ಣಮ್ಮ. ಹೋಟೆಲಿನ ಕಂಬಕ್ಕೆ ಒರಗಿ ರಾಗವಾಗಿ ಅಳಲು ಶುರು ಮಾಡಿದಳು. ನಾನು ಹತ್ತಿರ ಹೋಗಿ, ಅತ್ತಿಗೆ ನಮ್ಮ ಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಳೆ ಅಂದೆ. ದುಃಖದಲ್ಲಿ ನನ್ನ ತಲೆ ಕೆಟ್ಟಿದೆ ಎಂದು ಅವಳು ನನ್ನನ್ನೂ ತಬ್ಬಿಕೊಂಡು ಅತ್ತಳು. ಕಹಳೆಯ ಮುಂದೆ ನನ್ನ ಮಾತು ಯಾರಿಗೂ ಕೇಳಿಸುವಂತಿರಲಿಲ್ಲ. ಗೋಡೆಯಾಚೆ ಅತ್ತಿಗೆ ಕೈ ನಿಲ್ಲಿಸಿ ಆಲಿಸುತ್ತಿದ್ದಳಂತೆ. ತನ್ನ ವಡೆಯ ಬಗ್ಗೆ, ಹಸಿದು ಬಂದವರನ್ನು ಬರಿಗೈಲಿ ಕಳಿಸದ ಬಗ್ಗೆ ಸಣ್ಣಮ್ಮ ಹಾಡಿಕೊಂಡದ್ದಕ್ಕೆ ಕಣ್ಣೊರೆಸಿಕೊಂಡಳು. ಟೀಗೆ ನೀರು ಸ್ವಲ್ಪ ಹೆಚ್ಚು ಬೆರೆಸಿದರೂ ಮನಸ್ಸಿಗೆ ನೀರು ಬೆರೆಸಲಿಲ್ಲವಲ್ಲೇ ತಾಯಿ ಎಂದಾಗ ಮಾತ್ರ ಎದ್ದು ಬರಲು ಹೊರಟಳು. ಯಶೋದೆ ಕೈಹಿಡಿದು ಕೂರಿಸಿದಳು.

ನಾಗಮಂಗಲದಲ್ಲಿ ಅದೇ ಬಸ್ಸು ತಿರುಗಿ ಹೊರಡುವಾಗ ಬೋರಣ್ಣ ದೊಡ್ಡ ಕ್ಯಾನು ಹೊತ್ತು ಬಂದನಂತೆ. ಕಂಡಕ್ಟರು ಅವನ ಕೈಯಿಂದ ಕ್ಯಾನು ಇಸಿದುಕೊಂಡು, ಮುಂದಿನ ಸೀಟು ಬಿಡಿಸಿ ಕೂರಿಸಿ, "ಗಟ್ಟಿ ಮನ್ಸು ಮಾಡ್ಕಳಣ್ಣ. ಕೆಂಪಮ್ಮ ಹೋದ್ರು" ಎಂದು ಹೇಳಿದ. ಬೋರಣ್ಣ ಟಿಕೆಟಿಗೆ ಎರಡು ಸಲ ಕಾಸು ಕೊಟ್ಟನೆಂದು ಆಮೇಲೆ ಕಂಡಕ್ಟರೇ ನನಗೆ ಹೇಳಿದ.

ಗೇಟಿನಲ್ಲಿ ಇಳಿದವನನ್ನು ನಾನೇ ಎದುರುಗೊಂಡೆ. ಅಣ್ಣ, ಅಂಥದ್ದೇನಿಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ, "ಕೆಂಪಮ್ಮನವರು ಹೋದರು, ಇನ್ನು ಅವರು ಬರುವುದಿಲ್ಲ" ಎಂದು ಅವನ ಯಂತ್ರವೇ ಅವನಿಗೆ ಹೇಳಿತು. ಅವನು ನನ್ನನ್ನು ಸರಿಸಿ ನಡೆದ. ಹೆಣ ಎಲ್ಲಿ ಎಂದು ಕೇಳಲಿಲ್ಲ, ಅಳುತ್ತಿದ್ದವರ ಕಡೆ ನೋಡಲೂ ಇಲ್ಲ. ಕೋಣೆಯ ಬೀಗ ತೆಗೆದು, ಕಂಪ್ಯೂಟರಿನ ಅಡಿಗೆ ಕೈಹಾಕಿ ಇಟ್ಟಿಗೆಗಳನ್ನು ಎಳೆದ. ಕಂಪ್ಯೂಟರು ವಾಲಿ, ತಾಮ್ರದ ತಂತಿಯ ರಾಶಿಯ ಮೇಲೆ ಜಾರಿ, ಪರದೆ ಬೆಳಗುತ್ತಲೇ ಕೂತಿತು. ಅವನು ತಿರುಗಿ ನೋಡಲಿಲ್ಲ. ಎದೆಗವಚಿಕೊಂಡಷ್ಟು ಇಟ್ಟಿಗೆ ಹೊತ್ತು ಹೋಟೆಲಿನೊಳಗೆ ಬಂದು, ಒಲೆಯ ಪಕ್ಕ ಮಂಡಿಯೂರಿ, ಒಂದರ ಮೇಲೊಂದು ಇಡತೊಡಗಿದ.

"ಕಟ್ತೀನಿ ಕೆಂಪಿ. ಇವತ್ತೇ ಕಟ್ತೀನಿ. ಸೊಂಟದೆತ್ರಕ್ಕೆ."

ಮೇಲಿಟ್ಟ ಇಟ್ಟಿಗೆ ಉರುಳುತ್ತಿತ್ತು. ಅವನು ಎತ್ತಿ ಮತ್ತೆ ಇಡುತ್ತಿದ್ದ. ಸಣ್ಣಮ್ಮ ಕೂಡ ರಾಗ ನಿಲ್ಲಿಸಿ ನೋಡಿದಳು.

ನಮ್ಮಿಬ್ಬರ ಹಿತ್ತಲಿನ ನಡುವೆ ಎದೆಮಟ್ಟದ ಗೋಡೆಯಿದೆ. ಬೋರಣ್ಣನ ಮನೆಯ ಹಿಂಬಾಗಿಲು ತೆರೆದಿದ್ದರೆ ಅಲ್ಲಿಂದ ಒಲೆ ಕಾಣುತ್ತದೆ, ಮುಂದಿನ ಕಂಬದ ಹತ್ತಿರ ಇದ್ದವರಿಗೆ ಆ ಗೋಡೆ ಕಾಣುವುದಿಲ್ಲ. ಅತ್ತಿಗೆ ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಳೋ ಗೊತ್ತಿಲ್ಲ. ಕೈಯಲ್ಲಿ ಸುಲಿಯದ ಅವರೆಕಾಯಿ ಇತ್ತು.

"ಮಣ್ಣು ಕಲಸ್ದೆ ಬರೀ ಇಟ್ಟಿಗೆ ಮಡಗುದ್ರೆ ನಿಂತ್ಕತ್ತದಾ?" ಅಂದಳು.

ಬೋರಣ್ಣ ತಲೆಯೆತ್ತಿದ. ಕೈಯ ಇಟ್ಟಿಗೆ ಅವನ ಕಾಲ ಮೇಲೆ ಬಿತ್ತು. ಅದು ಅವನಿಗೆ ತಿಳಿದದ್ದು ರಾತ್ರಿ ಹೆಬ್ಬೆರಳು ಊದಿಕೊಂಡ ಮೇಲೆ.

"ಇದ್ದೀಯಾ?" ಅಂದ.

"ಇಲ್ದೆ ಇನ್ನೆಲ್ಗೋಗನ."

"ಹೋದ್ಳು ಅಂದ್ರು."

"ನಿಮ್ ಯಂತ್ರವೇ ಅಂದಿದ್ದು. ನೀವೇ 'ಕಲಿಸಿವ್ನಿ' ಅಂತಿದ್ರಲ್ಲ."

ಅವನು ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ. ಇಟ್ಟಿಗೆಯ ಕೆಂಪು ಮುಖಕ್ಕೆಲ್ಲ ಮೆತ್ತಿತು. ಮಣ್ಣು ಕಲಸುತ್ತೇನೆ, ಬಾ ಎಂದ. ಅತ್ತಿಗೆ ಗೋಡೆಯಿಂದ ಸರಿದು, ನಮ್ಮ ಮನೆಯೊಳಗೆ ಬಂದು, ಮೊರವನ್ನು ಮೂಲೆಗಿಟ್ಟಳು. ಯಶೋದೆ ಊಟ ಮಾಡಿಕೊಂಡು ಹೋಗಲು ಹೇಳಿದಳು. ಅತ್ತಿಗೆ ಬೇಡ ಎಂದು ಸೆರಗು ಸರಿ ಮಾಡಿಕೊಂಡು, ನಮ್ಮ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು.

"ಬತ್ತೀನಿ ಕಣೆ ಯಶೋದೆ."

ಬಸ್ಸಿನವರ ಮಾತೂ ಕೇಳಿಸುವ ಕಿವಿ ಎಂದು ಬೋರಣ್ಣ ಹೇಳಿದ್ದು ಸುಳ್ಳಾಗಿರಲಿಲ್ಲ. ಗೋಡೆಯಾಚೆ ಕೆಂಪು ದೀಪ ಆರಿ ಹಸಿರು ಹತ್ತಿತು. ಅದೇ ಹೊತ್ತಿಗೆ ಅತ್ತಿಗೆಯ ತವರಿನವರು ಟೆಂಪೋ ಮಾಡಿಕೊಂಡು ಬಂದು ಹುಣಸೆಮರದ ಕೆಳಗೆ ಇಳಿಯುತ್ತಿದ್ದರು. ಮುಂದೆ ಅವಳ ಸೋದರಮಾವ, ಕೈಯಲ್ಲಿ ಸೇವಂತಿಗೆ ಹಾರ.

"ಕೆಂಪಮ್ಮನವರು ಬರುತ್ತಾರೆ" ಎಂದು ಕಹಳೆ ಸಂತೋಷದಿಂದ ಸಾರಿತು. "ಬರುತ್ತೇನೆ ಎಂದಿರಲ್ಲ, ಬನ್ನಿ ಕೆಂಪಮ್ಮನವರೇ. ಚಹಾ ಸಿದ್ಧವಾಗಿದೆ."

ಸೋದರಮಾವ ನಿಂತಲ್ಲೇ ನಿಂತ. ಪಕ್ಕದ ಮನೆಯ ಬಾಗಿಲಿನಿಂದ ಕೆಂಪಮ್ಮ ಹೊರಗೆ ಬಂದಳು. ಟೆಂಪೋ ಡ್ರೈವರು ಯಾರನ್ನೂ ಕಾಯದೆ ಗಾಡಿ ಹಿಂದಕ್ಕೆ ಬಿಟ್ಟುಕೊಂಡು ಡೈರಿಯ ಚರಂಡಿಗೆ ಇಳಿಸಿದ. ಸಣ್ಣಮ್ಮ ಕಂಬ ಬಿಟ್ಟು, ಅವಳ ವಯಸ್ಸಿಗೆ ಯಾರೂ ನಂಬದ ವೇಗದಲ್ಲಿ ಊರೊಳಗೆ ಓಡಿದಳು. ಅತ್ತಿಗೆ ಮಾವನ ಕೈಯಿಂದ ಹಾರ ಇಸಿದುಕೊಂಡು, ಹೂವು ಚೆನ್ನಾಗಿದೆ, ದೇವರಿಗಾಗುತ್ತದೆ ಎಂದು ಒಳಗೆ ಬಂದಳು.

ಯಂತ್ರದ ಮುಂದೆ ಒಂದು ಲೋಟ ಹೊಗೆಯಾಡುತ್ತಿತ್ತು. ಹಾಲು ಮುಗಿದಿದ್ದರಿಂದ ಅದು ಕರೀ ಟೀ. ಅವಳು ಬೆಂಚಿನ ಮೇಲೆ, ಗಿರಾಕಿಗಳು ಕೂರುವ ಜಾಗದಲ್ಲಿ ಕೂತು, ಎರಡೂ ಕೈಯಲ್ಲಿ ಲೋಟ ಹಿಡಿದಳು. ಆ ಬೆಂಚಿನ ಮೇಲೆ ಅವಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೋರಣ್ಣ ಇಟ್ಟಿಗೆಗಳ ನಡುವೆ ನಿಂತು, ಪರೀಕ್ಷೆ ಬರೆದವನಂತೆ ಅವಳ ಮುಖ ನೋಡುತ್ತಿದ್ದ.

"ಸಕ್ಕರೆ ಜಾಸ್ತಿ" ಅಂದಳು. ಕುಡಿದು ಮುಗಿಸಿ, "ಸಾಕು" ಅಂದಳು.

ಯಂತ್ರ ಇನ್ನೊಂದು ಗುಟುಕು ಬಿಟ್ಟಿತು. ಅತ್ತಿಗೆ ಅದನ್ನು ನೋಡಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಕಟ್ಟೆ ಎದ್ದು ನಿಂತು ಈಗ ಬಹಳ ದಿನವಾಯಿತು. ಸ್ವಲ್ಪ ಓರೆಯಿದೆ, ಪಾತ್ರೆ ಜಾರುವಷ್ಟು ಓರೆಯಲ್ಲ. ಯಂತ್ರದಿಂದ ಕಹಳೆಯನ್ನೂ ಕಿವಿಯನ್ನೂ ಬಿಚ್ಚಿದ್ದಾರೆ, ಕ್ಯಾನಿನಲ್ಲಿ ಬಿಸಿನೀರು ಕಾಯಿಸುತ್ತಾರೆ. ಗೇಟಿನ ಜನ ಇನ್ನೂ ಆ ಹೋಟೆಲಿನಿಂದ ಹೊರಡುವಾಗ ಬಾಯಿ ಬಿಡುವುದಿಲ್ಲ, ಗಂಟಲು ಕೆರೆದು ಎದ್ದು ಹೋಗುತ್ತಾರೆ. ದಾಸೇಗೌಡನ ಮೋಟರು ಮಾತ್ರ ಇನ್ನೂ ಆಗಿಲ್ಲ.

ಬೋರಣ್ಣ ಕೊನೆಗೂ ಒಂದೇ ಭಾಷೆ ಹಿಡಿದಿದ್ದಾನೆ. ಶಾಲೆಯಲ್ಲಿ ಮಕ್ಕಳಿಗೆ ಕಲಿಸುವುದು ಅದನ್ನೇ, ಸಿಕ್ಕಿಕೊಂಡರೆ ಕೇಳಬಹುದು ಎಂದು ರಫಿಯಾ ಮೇಡಂ ಹೇಳಿದ ಪೈಥಾನ್, ಆ ಹೆಬ್ಬಾವಿನದೇ. ಬರೆಯುವ ಪರದೆಗೆ ಬಣ್ಣ ಹಾಕುವುದನ್ನು ಬಿಟ್ಟಿದ್ದಾನೆ. ಅವನ ಕಂಪ್ಯೂಟರು ಈಗ ನಮಸ್ಕಾರ ಹೇಳಿದ ಮೇಲೆ, ಊಟ ಆಯ್ತಾ ಎಂದೂ ಕೇಳುತ್ತದೆ. ಆಗಿಲ್ಲ ಎಂದು ಒತ್ತಿದರೆ, ಹೋಗಿ ಮಾಡು ಅನ್ನುತ್ತದೆ. ಸಣ್ಣ ಕೆಲಸ, ಆದರೆ ಮುಗಿಸಿದ್ದಾನೆ.

ಇಟ್ಟಿಗೆ ಹೋದ ಮೇಲೆ ಕಂಪ್ಯೂಟರು ನೆಲದ ಮೇಲೆ ಒಂದು ಗೋಣಿತಾಟಿನ ಮೇಲಿದೆ. ಅವನು ಕುಕ್ಕರುಗಾಲಲ್ಲಿ ಕೂತು ಬರೆಯಬೇಕು, ಗೋಡೆ ಹಿಡಿದು ಏಳಬೇಕು. ಮಂಡಿ ಹಿಡಿದುಕೊಂಡಿದೆ ಎಂದು ಮೊನ್ನೆ ಅತ್ತಿಗೆಯ ಹತ್ತಿರ ಹೇಳಿಕೊಂಡ. ಅವಳು ಕಟ್ಟೆಯ ಮುಂದೆ ನಿಂತು ದೋಸೆ ತಿರುವಿ ಹಾಕುತ್ತ, ಕಂಪ್ಯೂಟರಿಗೆ ಒಂದು ಮೇಜು ಮಾಡಿಸಿಕೊಡುತ್ತೇನೆ ಎಂದು ಭಾಷೆ ಕೊಟ್ಟಿದ್ದಾಳೆ. ಯಾವಾಗ ಎಂದು ಅವನು ಇನ್ನೂ ಕೇಳಿಲ್ಲ.